ಹಿಂದಿನ ಸೀಟಿನ ವಾಸನೆ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ವೈರಿಂಗ್ ಅಕ್ಕ ಎಂದೇ. ಹದಿನೆಂಟು ವರ್ಷ ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದವಳು. ಕಾರ್ಖಾನೆಗೆ ಬೀಗ ಬಿದ್ದಾಗ ಅಳುತ್ತ ಕೂರದೆ, ಅಣ್ಣನ ಟೈರ್ ಅಂಗಡಿಯ ಪಕ್ಕದ ಶೆಡ್ಡಿನಲ್ಲಿ ಹಳೆಯ ಕಾರುಗಳ ವೈರಿಂಗ್ ಕೆಲಸ ಹಿಡಿದಳು. ಹೆಂಗಸಿನ ಕೈಗೆ ಗಾಡಿ ಕೊಡುವುದೇ ಎಂದು ಮೂಗು ಮುರಿದವರೇ ಆಮೇಲೆ ಬಾಗಿಲು ತೆಗೆಯುವ ಮುಂಚೆ ಬಂದು ಕಾಯತೊಡಗಿದರು.

ಒಂದು ಬೆಳಿಗ್ಗೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ತಮ್ಮ ಹಳೆಯ ಕಾರು ತಂದು ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ. ಪಾರ್ಶ್ವವಾಯು ಬಡಿದು ಬಲಗೈ, ಮಾತು ಎರಡೂ ಬಿದ್ದುಹೋಗಿದ್ದವು. ವಾರಕ್ಕೆ ಮೂರು ದಿನ ಚಿಕಿತ್ಸೆಗೆ ಕರೆದೊಯ್ಯಲು ಈ ಕಾರೇ ಗತಿ.

“ಎರಡು ತಿಂಗಳಲ್ಲಿ ಎರಡು ಬ್ಯಾಟರಿ ಹೋಯ್ತಮ್ಮ. ಬಲ್ಬುಗಳಂತೂ ಪಟಪಟ ಸಾಯ್ತಾವೆ. ರೆಗ್ಯುಲೇಟರ್ ಹೊಸದು ಹಾಕಿಸ್ದೆ, ಏನೂ ಪ್ರಯೋಜನ ಆಗ್ಲಿಲ್ಲ. ಇವಳೋ, ಕಾರು ಹತ್ತಿಸಿದ್ರೆ ಸಾಕು ಮುಖ ಸಿಂಡರಿಸ್ತಾಳೆ. ನನ್ನ ಮೇಲೆ ಕೋಪ ಇರ್ಬೇಕು.”

ಅಕ್ಕ ಬಾನೆಟ್ ತೆರೆಯಲಿಲ್ಲ. ಹಿಂದಿನ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತಳು. ಮೇಷ್ಟ್ರ ಹೆಂಡತಿ ಎಡಗೈಯಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿ ಹಿಡಿದಿದ್ದರು.

“ಅಮ್ಮಾ, ವಾಸನೆ ಬರುತ್ತಾ? ಕೊಳೆತ ಮೊಟ್ಟೆ ಥರ?”

ಆಕೆ ಹೌದೆಂದು ತಲೆಯಾಡಿಸಿದರು.

“ಇವ್ರು ಜೋರಾಗಿ ಓಡಿಸ್ದಾಗ ಜಾಸ್ತಿನಾ?”

ಮತ್ತೆ ಮತ್ತೆ ತಲೆಯಾಡಿಸುತ್ತ ಆಕೆಯ ಕಣ್ಣು ತುಂಬಿ ಬಂತು. ಎರಡು ತಿಂಗಳಿಂದ ಮುಖ ಸಿಂಡರಿಸಿ ಹೇಳುತ್ತಲೇ ಇದ್ದರು, ಯಾರೂ ಕೇಳಿಸಿಕೊಂಡಿರಲಿಲ್ಲ.

ಆ ಕಾರಿನ ಬ್ಯಾಟರಿ ಇದ್ದದ್ದು ಹಿಂದಿನ ಸೀಟಿನ ಕೆಳಗೆ. ಆಕೆಯನ್ನು ಮೆಲ್ಲಗೆ ಕುರ್ಚಿಗೆ ಇಳಿಸಿ ಸೀಟು ತೆಗೆದರೆ, ಬ್ಯಾಟರಿ ಉಬ್ಬಿಕೊಂಡಿತ್ತು, ಉಕ್ಕಿದ ಆಸಿಡ್ ಸುತ್ತಲ ತಗಡನ್ನು ತಿಂದಿತ್ತು. ಅಕ್ಕ ತನ್ನದೊಂದು ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡಿ ಮೀಟರ್ ಹಿಡಿದಳು. ಹದಿನಾಲ್ಕರ ಆಸುಪಾಸು ಇರಬೇಕಾದ ವೋಲ್ಟು ಹದಿನಾರು ದಾಟಿತ್ತು.

“ಬ್ಯಾಟರಿ ಹೊಟ್ಟೆ ತುಂಬಿದ್ರೂ ಎಂಜಿನ್ನು ಕರೆಂಟು ಬಡಿಸ್ತಾನೇ ಇದೆ ಮೇಷ್ಟ್ರೇ. ಸಾಕು ಅನ್ಬೇಕಾದ್ದು ಈ ರೆಗ್ಯುಲೇಟರ್.” ಬಾನೆಟ್ ತೆರೆದು, ಅದನ್ನು ಕೂರಿಸಿದ್ದ ಜಾಗವನ್ನು ಉಗುರಿನಿಂದ ಗೀರಿದಳು. “ಇಲ್ಲಿ ನೀಲಿ ಪೇಂಟ್ ಹೊಡೆದಿದ್ದು ಯಾರು?”

“ನಾನೇ!” ಮೇಷ್ಟ್ರ ಮುಖ ಅರಳಿತು. “ಎರಡು ತಿಂಗಳ ಹಿಂದೆ ಇವಳು ಹಾಸಿಗೆ ಹಿಡಿದಿದ್ದಾಗ ಹೊತ್ತು ಹೋಗ್ಬೇಕಲ್ಲ. ಎಲ್ಲಾ ಬಿಚ್ಚಿ ಮೂರು ಕೋಟ್ ಹೊಡೆದೆ.”

ಅಕ್ಕ ಹೇಳಿದಳು: “ಬಣ್ಣ ಬಲು ಚೆನ್ನಾಗಿದೆ. ಆದ್ರೆ ಇದರ ಮೈ ಗಾಡಿಯ ಕಬ್ಬಿಣಕ್ಕೆ ತಾಕ್ಬೇಕು. ಪೇಂಟ್ ಅಡ್ಡ ಬಂದಿದೆ. ಬ್ಯಾಟರಿ ತುಂಬಿರೋದು ಇದಕ್ಕೆ ಗೊತ್ತೇ ಆಗ್ತಿಲ್ಲ.”

ರೆಗ್ಯುಲೇಟರಿನ ಮೈಯಿಂದ ಎಂಜಿನ್ನಿಗೆ ಒಂದು ತುಂಡು ವೈರ್ ಮುಟ್ಟಿಸಿದಳು. ವೋಲ್ಟು ಹದಿನಾಲ್ಕಕ್ಕೆ ಇಳಿಯಿತು. ಮೇಷ್ಟ್ರು ಅಲ್ಲೇ ಬಿದ್ದಿದ್ದ ಹಳೇ ಟೈರೊಂದರ ಮೇಲೆ ಕೂತರು.

“ಹಾಗಾದ್ರೆ ಇವಳನ್ನ ಆಸಿಡ್ ಮೇಲೆ ಕೂರಿಸಿದ್ದು ನಾನೇ. ಮೇಲಿಂದ ಕೋಪ ಅಂತ ಬೇರೆ ಅಂದ್ಕೊಂಡೆ.”

ಅಕ್ಕ ಎಂಜಿನ್ ನಿಲ್ಲಿಸಿ, ರೆಗ್ಯುಲೇಟರ್ ಬಿಚ್ಚಿ, ಮರಳುಕಾಗದವನ್ನು ಅವರ ಕೈಗಿತ್ತಳು. “ಮೂರು ಕೋಟ್ ಹೊಡೆದೋರು ನೀವು. ಉಜ್ಜೋದೂ ನೀವೇ.”

ಮೇಷ್ಟ್ರು ಬೆವರುತ್ತ ಉಜ್ಜುತ್ತಿದ್ದಾಗ ಕುರ್ಚಿಯ ಕಡೆಯಿಂದ ವಿಚಿತ್ರ ಸದ್ದು. ಗಾಬರಿಯಾಗಿ ತಿರುಗಿದರು. ಹೆಂಡತಿ ನಗುತ್ತಿದ್ದರು, ಅರ್ಧ ಬಾಯಲ್ಲೇ, ಭುಜ ಕುಣಿಯುವಂತೆ.

“ನಗು ಮಾರಾಯ್ತಿ, ನಗು,” ಎಂದವರು ಬಾನೆಟ್ಟಿನೊಳಗೆ ತಲೆ ಹುದುಗಿಸಿ ಮುಖ ಮರೆಸಿಕೊಂಡರು.

ಅಂದು ಸಂಜೆಯೇ ಮೇಷ್ಟ್ರು ಒಂದು ಸ್ಲೇಟು ಕೊಂಡು, ಹೆಂಡತಿಗೆ ಎಡಗೈಯಲ್ಲಿ ಬರೆಯುವುದನ್ನು ಕಲಿಸತೊಡಗಿದರು. ಈಗ ಹಾರ್ನು, ವೈಪರು ಎಂದು ನೆಪ ಹೇಳಿ ಶೆಡ್ಡಿಗೆ ಬಂದಾಗಲೆಲ್ಲ, “ದಿನಾ ನನ್ನ ಮೇಲೆ ಒಂದಾದ್ರೂ ದೂರು ಬರೀತಾಳಮ್ಮ,” ಎಂದು ಅಕ್ಕನ ಮುಂದೆ ಖುಷಿಯಿಂದ ಹೇಳಿಕೊಳ್ಳುತ್ತಾರೆ.