ಮೂರೂವರೆ ಇಟ್ಟಿಗೆ

ಮರಗೆಲಸದ ಆಚಾರಿ ಸುಬ್ರಹ್ಮಣ್ಯನ ಮಗಳು ಅನುಶ್ರೀಗೆ ಅಂಜಿಕೆ ಎನ್ನುವುದು ಹುಟ್ಟಿನಿಂದಲೇ ಸ್ವಲ್ಪ ಕಡಿಮೆ. ಪಂಚಾಯ್ತಿ ಕಚೇರಿಗೆ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮೊದಲ ವಾರವೇ, ಕೆಟ್ಟು ಕೂತಿದ್ದ ಪ್ರಿಂಟರನ್ನು ಅಪ್ಪನ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಒಳಗೆ ಸಂಸಾರ ಹೂಡಿದ್ದ ಜಿರಲೆಗಳನ್ನು ಓಡಿಸಿ, ಮತ್ತೆ ಜೋಡಿಸಿಟ್ಟವಳು ಅವಳು. ಪಾಂಡವಪುರದಲ್ಲಿ ಮೇಲುಕೋಟೆ ಬಸ್ಸು ಹತ್ತಿದರೆ ನಡುದಾರಿಯಲ್ಲಿ ಸಿಗುವ ಆ ಊರಿನಲ್ಲಿ "ಅನು ಮಾಡ್ತಾಳೆ ಬುಡು" ಅಂದರೆ ಕೆಲಸ ಆದಂತೆಯೇ.

ಅಂಥವಳಿಗೂ ಹೋದ ವರ್ಷದ ಗ್ರಾಮಸಭೆಯಲ್ಲಿ ಮುಖಭಂಗವಾಗಿತ್ತು. ಊರಿನ ಮೂರು ಬೀದಿಗೆ ನೀರು ಎಷ್ಟೆಷ್ಟು ಬರುತ್ತದೆಂದು ಎಕ್ಸೆಲ್‌ನಲ್ಲಿ ಕಂಬದ ಚಾರ್ಟು ಮಾಡಿ, ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಟ್ಟಿದ್ದಳು. ಜನ ಆಕಳಿಸಿದರು. ಮೇಲಿನ ಬೀದಿಯ ದೊಡ್ಡತಾಯಮ್ಮ, ಎಪ್ಪತ್ತು ದಾಟಿದ ಅಜ್ಜಿ, ಎದ್ದು ನಿಂತು ಕೇಳಿದಳು: "ಇವ್ಯಾವ ಕರೆಂಟ್ ಕಂಬಗಳವ್ವ? ನೀರ್ ಕೇಳುದ್ರೆ ಲೈಟ್ ಹಾಕುಸ್ತೀಯಾ?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಲಿನ ಬೀದಿಯ ನಲ್ಲಿ ಮಾತ್ರ ಹಾಗೇ ಬುಸುಗುಡುತ್ತಾ ಉಳಿಯಿತು.

ಈ ವರ್ಷ ನಗುವ ಮಾತಿರಲಿಲ್ಲ. ಹೊಸ ಬೋರ್‌ವೆಲ್ಲಿನಲ್ಲಿ ನೀರು ಬಿದ್ದಿತ್ತು. ಪೈಪು ಎಳೆಯುವುದು ಒಂದೇ ಬೀದಿಗೆ. ಯಾವ ಬೀದಿಗೆ ಎಂದು ತೀರ್ಮಾನಿಸುವುದು ಗ್ರಾಮಸಭೆ. ಮೆಂಬರ್ ಶಿವಶಂಕರ್ ತನ್ನ ಕೆಳಗಿನ ಬೀದಿಗೇ ಎಳೆಸಲು ತುದಿಗಾಲಲ್ಲಿ ನಿಂತಿದ್ದ. ಮೇಲಿನ ಬೀದಿಯ ಹೆಂಗಸರು ತೋಟದ ಪಂಪ್‌ಸೆಟ್ಟಿನಿಂದ ನೀರು ಹೊತ್ತು ಏರು ಹತ್ತುವುದನ್ನು ಅನುಶ್ರೀ ದಿನಾ ಕಾಣುತ್ತಿದ್ದಳು, ಕಂಡು ಮರುಗುತ್ತಿದ್ದಳು. ಒಂದು ತಿಂಗಳು ಬೀದಿಗೆ ಹತ್ತು ಮನೆಯಂತೆ ಸುತ್ತಿ, ನಲ್ಲಿಯಲ್ಲಿ ತುಂಬಿದ್ದು ಎಷ್ಟು ಬಿಂದಿಗೆ ಎಂದು ವಿಚಾರಿಸಿ ಬರೆದುಕೊಂಡಳು. ಮನೆಯೊಂದಕ್ಕೆ ದಿನಕ್ಕೆ ಕೆಳಗಿನ ಬೀದಿಯಲ್ಲಿ ಹದಿನಾಲ್ಕು, ನಡುಬೀದಿಯಲ್ಲಿ ಒಂಬತ್ತು, ಮೇಲಿನ ಬೀದಿಯಲ್ಲಿ ಮೂರೂವರೆ.

ಸರಿ, ಇದನ್ನು ದೊಡ್ಡತಾಯಮ್ಮನ ಕಣ್ಣಿಗೆ ಕಾಣಿಸುವುದು ಹೇಗೆ? ದಾರಿ ಸಿಕ್ಕಿದ್ದು ಅಂಗನವಾಡಿಯ ಜಗಲಿಯಲ್ಲಿ. ಒಂದರ ಮೇಲೊಂದು ಒತ್ತಿ ಕೂರಿಸುವ, ನೆತ್ತಿಯ ಮೇಲೆ ಗುಂಡಿಯಂಥ ಪುಟ್ಟ ಗುಬ್ಬಿಗಳಿರುವ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳು ಅಲ್ಲಿ ಚೆಲ್ಲಾಡಿದ್ದವು. ಅವನ್ನು ಎಣಿಸಲು ಬಾರದವರು ಊರಲ್ಲಿ ಯಾರಿದ್ದಾರೆ? ಒಂದು ಇಟ್ಟಿಗೆ ಅಂದರೆ ಒಂದು ಬಿಂದಿಗೆ, ಅಷ್ಟೇ!

ಮನೆಗೆ ಬಂದು ಲ್ಯಾಪ್‌ಟಾಪಿನ ಮುಂದೆ ಕೂತಳು. ಒಂದು ಕೆಂಪು ಚೌಕ, ಅದರ ನೆತ್ತಿಗೆ ಎರಡು ಗುಬ್ಬಿ, ಪಕ್ಕಕ್ಕೆ ನೆರಳಿನ ಹಾಗೆ ಒಂದು ಗಾಢ ಪಟ್ಟಿ. ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಿ, ಕಾಪಿ ಹೊಡೆದು, ಚಾರ್ಟಿನ ಕಂಬದ ಮೇಲೆ ಪೇಸ್ಟ್ ಮಾಡಿದಳು. ಒಂದೇ ಇಟ್ಟಿಗೆ ತೆಂಗಿನ ಮರದಂತೆ ಉದ್ದಕ್ಕೆ ಎಳೆದುಕೊಂಡು ನಿಂತಿತು. "ಥೂ, ನಿನ್ನ!" ಎಂದು ಹುಡುಕಾಡಿದಾಗ 'ಸ್ಟ್ಯಾಕ್', ಅಂದರೆ ಪೇರಿಸು, ಎಂಬ ಆಯ್ಕೆ ಸಿಕ್ಕಿತು. ಒತ್ತಿದ್ದೇ ತಡ, ಇಟ್ಟಿಗೆಗಳು ಪಟಪಟನೆ ಒಂದರ ಮೇಲೊಂದು ಏರಿ ಕೂತವು. ಅನುಶ್ರೀ ಖುಷಿಯಲ್ಲಿ ಕೂಗಿಯೇ ಬಿಟ್ಟಳು.

ಬಾಗಿಲ ಚೌಕಟ್ಟಿಗೆ ಉಳಿ ಹಾಕುತ್ತಿದ್ದ ಅಪ್ಪ ಎದ್ದು ಬಂದು ನೋಡಿದ. ಯಾವ ಕೆಲಸವಿರಲಿ, ಮೊದಲು ಒಂದು ಅಳತೆ ಕಡ್ಡಿ ಕತ್ತರಿಸಿಕೊಂಡು, ಪ್ರತಿ ತುಂಡನ್ನೂ ಅದಕ್ಕೇ ಹಿಡಿದು ನೋಡುವವನು ಆತ.

"ಗುಬ್ಬಿ ಚೆನ್ನಾಗವೆ ಕಣವ್ವ. ಕಡ್ಡಿ ಹಿಡ್ದು ನೋಡ್ದಾ?"

"ಅಪ್ಪಾ, ಇದು ಕಂಪ್ಯೂಟ್ರು. ಮರ ಅಲ್ಲ."

ಅಪ್ಪ ಹೋಗಿ ಮತ್ತೆ ಉಳಿ ಎತ್ತಿಕೊಂಡ.

ಸಭೆಯ ದಿನ ಪ್ರೊಜೆಕ್ಟರಿನಿಂದ ಇಟ್ಟಿಗೆಯ ಚಾರ್ಟು ಗೋಡೆಯ ಮೇಲೆ ಬಿದ್ದ ಕೂಡಲೇ ಜನ ನೆಟ್ಟಗಾದರು. "ಒಂದು ಇಟ್ಟಿಗೆ, ಒಂದು ಬಿಂದಿಗೆ," ಎಂದಳು ಅನುಶ್ರೀ, ಮೈಕಿಲ್ಲದೆಯೇ. ದೊಡ್ಡತಾಯಮ್ಮ ಗೋಡೆಯ ಹತ್ತಿರವೇ ಹೋಗಿ, ತನ್ನ ಬೀದಿಯ ಕಂಬದ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. "ಒಂದು... ಎಲ್ಡು... ಮೂರು..." ಎಣಿಕೆ ನಿಲ್ಲಲಿಲ್ಲ. "ಏಳು! ಅಯ್ಯೋ ಅನು, ಏಳು ಬಿಂದ್ಗೆ ಯಾವತ್ತವ್ವ ಬಂತು ನಮ್ಗೆ?"

ಶಿವಶಂಕರ್ ಕಾದಿದ್ದವನಂತೆ ಎದ್ದ. "ಕೇಳುದ್ರಾ? ಏಳು ಬಿಂದ್ಗೆ ಬತ್ತಾ ಅದೆ. ಇನ್ನೂ ಪೈಪ್ ಯಾಕ್ರೀ ಅವ್ರಿಗೆ? ಬರ್ಕೊಳ್ಳಿ ಸೆಕ್ರೆಟ್ರಿಗಳೇ, ಕೆಳುಗ್ಲ ಬೀದಿಗೆ!"

ಅನುಶ್ರೀ ಗೋಡೆಯತ್ತ ತಿರುಗಿದಳು. ಯಾರಿಗಾಗಿ ತಿಂಗಳು ಪೂರ್ತಿ ಕಾಲು ಸವೆಸಿದಳೋ ಅವರ ನೀರನ್ನು ಅವಳ ಇಟ್ಟಿಗೆಯೇ ಕಿತ್ತುಕೊಳ್ಳುತ್ತಿತ್ತು. ಕೆಳಗಿನ ಬೀದಿಯ ಕಂಬ ಎಣಿಸಿದಳು: ಇಪ್ಪತ್ತೆಂಟು. ಎಲ್ಲಾ ಎರಡರಷ್ಟು! ಕಂಬಗಳ ಎತ್ತರ ಸರಿಯಾಗಿತ್ತು. ಇಟ್ಟಿಗೆಗಳು ಮಾತ್ರ ಅವಳು ಬರೆದ ಚಿತ್ರದ ಗಾತ್ರದಲ್ಲೇ, ಒಂದೊಂದೂ ಅರ್ಧ ಬಿಂದಿಗೆಯ ಎತ್ತರಕ್ಕೆ, ಪೇರಿಸಿಕೊಂಡಿದ್ದವು. ಅಪ್ಪ ಹೇಳಿದ ಕಡ್ಡಿಯನ್ನು ಅವಳು ಹಿಡಿದಿರಲೇ ಇಲ್ಲ.

ಇನ್ನೊಬ್ಬರಾದರೆ ಕರೆಂಟು ಹೋಗಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದರು. ಅನುಶ್ರೀ ನೋಟ್‌ಬುಕ್ಕು ಎತ್ತಿ ಹಿಡಿದಳು.

"ಬರ್ಕೋಬೇಡಿ! ತಪ್ಪು ನಂದು. ಪುಸ್ತಕ್ದಲ್ಲಿರೋ ಲೆಕ್ಕ ಸರಿಯಾಗದೆ, ಇಟ್ಗೆ ಜೋಡ್ಸಿದ್ದು ತಪ್ಪಾಗದೆ. ಇಲ್ಲೇ, ನಿಮ್ ಕಣ್ಮುಂದೇನೇ ಸರಿ ಮಾಡ್ತೀನಿ."

"ಮಕ್ಕಳಾಟ!" ಎಂದ ಶಿವಶಂಕರ್.

ಮಕ್ಕಳಾಟವೋ ಏನೋ, ಜನ ಮಾತ್ರ ಕದಲಲಿಲ್ಲ. ಅವಳು ಆಯ್ಕೆಗಳ ಅದೇ ಪಟ್ಟಿ ತೆರೆದಳು. ಸ್ಟ್ಯಾಕಿನ ಕೆಳಗೇ ಇತ್ತು ಇನ್ನೊಂದು ಆಯ್ಕೆ: ಒಂದು ಚಿತ್ರಕ್ಕೆ ಎಷ್ಟು ಅಳತೆ ಎಂದು ಕೇಳುವ ಪುಟ್ಟ ಖಾನೆ. ಅದರಲ್ಲಿ 'ಒಂದು' ಎಂದು ಹಾಕಿದಳು. ಗೋಡೆಯ ಮೇಲಿನ ಇಟ್ಟಿಗೆಗಳು ದಪ್ಪವಾಗಿ ಮರುಜೋಡಣೆಯಾದವು. ಹದಿನಾಲ್ಕು. ಒಂಬತ್ತು. ಮೇಲಿನ ಬೀದಿಗೆ ಮೂರು ಇಡೀ ಇಟ್ಟಿಗೆ, ಅದರ ಮೇಲೆ ನೆತ್ತಿ ಕತ್ತರಿಸಿದ, ಗುಬ್ಬಿಯಿಲ್ಲದ ಅರ್ಧ.

ದೊಡ್ಡತಾಯಮ್ಮ ಆ ಅರ್ಧದ ಮೇಲೆ ಅಂಗೈ ಇಟ್ಟಳು. "ಇದೇ ಕಣ್ರಪ್ಪಾ! ನಾಕ್ನೇ ಬಿಂದ್ಗೆ ಅರ್ಧ ತುಂಬೋ ಒತ್ಗೆ ನಲ್ಲಿ ಬುಸ್ ಅಂತದೆ. ಇದು ನಮ್ಮನೇದೆಯಾ!"

ಹಿಂದಿನ ಸಾಲಿನಲ್ಲಿ ಬೋರಯ್ಯ ಎದ್ದ. ದಿನಾ ವಾಲ್ವ್ ತಿರುಗಿಸಿ ನೀರು ಬಿಡುವ ಆಳು. ಮೆಂಬರಿಗೆ ಹೆದರಿ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವನು. ಟವೆಲ್ಲನ್ನು ಹೆಗಲಿಂದ ಇಳಿಸಿ ಹೇಳಿದ: "ಆ ಅರ್ಧ ಇಟ್ಗೆ ದಿಟ ಸ್ವಾಮಿ. ಅಷ್ಟಕ್ಕೇ ವಾಲ್ ಮುಚ್ಚೋನು ನಾನೇ. ಮುಚ್ಚು ಅಂದೋರು ಯಾರು ಅಂತ ಮೆಂಬ್ರುನ್ನೇ ಕೇಳಿ."

ಕೇಳುವ ಅಗತ್ಯವೇ ಇರಲಿಲ್ಲ. ಶಿವಶಂಕರ್ ಕುರ್ಚಿಯಲ್ಲಿ ಕೂತ. ನಡುಬೀದಿಯವರು ಮೊದಲು ಕೈ ಎತ್ತಿದರು, ಆಮೇಲೆ ಕೆಳಗಿನ ಬೀದಿಯ ಹೆಂಗಸರು. ಪೈಪು ಮೇಲಿನ ಬೀದಿಗೆ ಎಂದು ಬರೆದಾಯಿತು. ಆ ಸಂಜೆ ಅನುಶ್ರೀ ಅಪ್ಪನ ಅಳತೆ ಕಡ್ಡಿಯೊಂದನ್ನು ಕೇಳಿ ತಂದು ಕಚೇರಿಯ ಮೇಜಿನ ಮೇಲಿಟ್ಟಳು.

ಮೂರು ತಿಂಗಳ ಮೇಲೆ ದೊಡ್ಡತಾಯಮ್ಮ ಕಚೇರಿಗೆ ಬಂದಳು, ತನ್ನ ಬೀದಿಯ ಇಟ್ಟಿಗೆ ತೋರಿಸು ಎಂದು. ಅನುಶ್ರೀ ಹೊಸ ಲೆಕ್ಕದ ಚಾರ್ಟು ತೆಗೆದಳು. ಅಜ್ಜಿ ಪರದೆಗೆ ಬೆರಳಿಟ್ಟು ನಿಧಾನಕ್ಕೆ ಎಣಿಸಿದಳು.

"ಎಂಟು. ಮ್ಯಾಲೊಂದು ಅರ್ಧ."

"ಊಂ ಅಜ್ಜಿ. ಒಂಬತ್ತು ತುಂಬ್ನಿಲ್ಲ."

"ಇರ್ಲಿ ಬುಡು. ಒಂಬತ್ತು ಅಂತ ತೋರ್ಸಿದ್ರೆ ಇನ್ನೊಂದ್ಸಲ ನಿನ್ನ ನಂಬ್ತಿರ್ನಿಲ್ಲ."