ಹೊಸ್ತಿಲ ಮುಂದಿನ ನನ್ನ ಹೆಸರು

ನನಗೆ ನನ್ನ ಹೆಸರು ಓದಿಕೊಳ್ಳುವ ಚಟವಿದೆ. ಲಗ್ನಪತ್ರಿಕೆ ಬಂದರೆ ಮದುಮಕ್ಕಳು ಯಾರೆಂದು ನೋಡುವ ಮೊದಲು ಲಕೋಟೆಯ ಮೇಲೆ ನನ್ನ ಹೆಸರು ಸರಿಯಾಗಿ ಬರೆದಿದ್ದಾರೆಯೇ ಎಂದು ನೋಡುತ್ತೇನೆ. ಮಾಸ್ತರಿಕೆಯಿಂದ ಅಂಟಿಕೊಂಡ ರೋಗವೆಂದು ಸಮಾಧಾನ ಮಾಡಿಕೊಂಡಿದ್ದೆ. ಅದು ಮಾಸ್ತರಿಕೆಯದಲ್ಲ, ನನ್ನದೇ ಎಂದು ತಿಳಿದದ್ದು ಚಿತ್ತಾಪುರದ ನಮ್ಮ ಓಣಿಯ ಹಣಮಂದೇವರ ಗುಡಿಯಲ್ಲಿ.

ಮೈಸೂರು ರಾಜ್ಯ ಕರ್ನಾಟಕವಾದ ಹೊಸತು. ಗುಡಿಯ ಮಣ್ಣುನೆಲಕ್ಕೆ ಶಹಾಬಾದಿನ ಪರಸಿಗಲ್ಲು ಹಾಸುವುದೆಂದು ಹಿರಿಯರು ಗೊತ್ತುಮಾಡಿದರು. ಕಲ್ಲು ಕೊಟ್ಟವರ ಹೆಸರೆಲ್ಲ ಗೋಡೆಯ ಮೇಲೆ. ನಾನು ಮಾತ್ರ ಕೈಮುಗಿದು, ನನ್ನ ಹೆಸರು ನೆಲದಲ್ಲಿಯೇ ಇರಲಿ, ಗರ್ಭಗುಡಿಯ ಹೊಸ್ತಿಲ ಮುಂದಿನ ಕಲ್ಲಿನಲ್ಲಿ ಕೊರೆಸಿ, ಭಕ್ತರ ಪಾದದ ಧೂಳು ಅದರ ಮೇಲೆ ಬೀಳಲಿ ಎಂದೆ. ಕೂತವರೆಲ್ಲ ತಲೆದೂಗಿದರು. ಒಳಗಿನ ಮಾತು ನಿಮಗೊಬ್ಬರಿಗೇ ಹೇಳುತ್ತೇನೆ. ಗೋಡೆಯನ್ನು ಯಾರೂ ಓದುವುದಿಲ್ಲ. ಹೊಸ್ತಿಲ ಮುಂದೆ ಎಲ್ಲರೂ ತಲೆ ಬಾಗಿಸಲೇಬೇಕು. ಬಾಗಿಸಿದವರ ಕಣ್ಣಿಗೆ ದೇವರಿಗಿಂತ ಮೊದಲು ಬೀಳುವುದು ನಾನು.

ಇದರಲ್ಲಿ ನಾನೇನೂ ಮೊದಲಿಗನಲ್ಲ. ನಮ್ಮ ಸೇಡಂ ಸೀಮೆಯ ಹಳೆಯ ಶಾಸನಗಳಲ್ಲಿಯೂ ದಾನ ಕೊಟ್ಟವರು ಬಿರುದುಗಳ ಸಮೇತ ನಿಂತಿದ್ದಾರೆ, ಕೆಡಿಸಿದವರಿಗೆ ಶಾಪ ಬೇರೆ. ಆದರೆ ಅವರ ಕಲ್ಲು ಒಂದು ಬದಿಗೆ ನಿಂತಿರುತ್ತಿತ್ತು. ನನ್ನದು ದಾರಿಗೆ ಅಡ್ಡ ಮಲಗಿತ್ತು.

ಅಡ್ಡವಾದದ್ದು ನಿಂಗಮ್ಮನಿಗೆ. ವಾಡಿ ಕಡೆಯ ಕಲ್ಲುಖಣಿಯಲ್ಲಿ ಹರೆಯವೆಲ್ಲ ಕಲ್ಲು ಹೊತ್ತು ಮೊಣಕಾಲು ಸವೆಸಿಕೊಂಡ ಮುದುಕಿ. ಶನಿವಾರ ತಪ್ಪದೆ ಬಂದು ಹೊಸ್ತಿಲಿಗೆ ಹಣೆ ಹಚ್ಚಿ ಹೋಗುತ್ತಿದ್ದವಳು, ಪರಸಿ ಬಿದ್ದ ಮೇಲೆ ದೂರವೇ ನಿಂತು, ತಾನು ತಂದ ಎಕ್ಕೆಯ ಹಾರವನ್ನು ಬೇರೆಯವರ ಕೈಗೆ ಕೊಡತೊಡಗಿದಳು. ಏನೋ ಹರಕೆಯಿರಬೇಕು ಎಂದುಕೊಂಡೆ. ಒಂದು ಶನಿವಾರ ಕೇಳಿಯೇಬಿಟ್ಟೆ.

“ಅಕ್ಷರ ಅವ ಅಲ್ರಿ ಮಾಸ್ತರ, ಸರಸ್ವತಿ. ಕಾಲ ಹ್ಯಾಂಗ ಇಡ್ಬೇಕ್ರಿ?”

ಓದು ಬಂದ ನಾವೆಲ್ಲ ಅದನ್ನು ತುಳಿದುಕೊಂಡು ಓಡಾಡುತ್ತಿದ್ದೆವು. ಒಂದಕ್ಷರ ಬಾರದ ಆಕೆ ನಿಂತುಬಿಟ್ಟಿದ್ದಳು. ದಾಟಿ ಹೋಗೋಣವೆಂದರೆ ಆ ಮೊಣಕಾಲಿಗೆ ಕಲ್ಲು ಬಹಳ ಅಗಲ. ಸಾಲದ್ದಕ್ಕೆ, ಕಲ್ಲು ಗಾಡಿಯಿಂದ ಇಳಿದ ದಿನ ಕೂಲಿ ಬೇಡವೆಂದು ಕೈಹಚ್ಚಿದವರಲ್ಲಿ ಆಕೆಯೂ ಒಬ್ಬಳೆಂದು ನೆನಪಾಯಿತು. ಆಕೆಯ ಹೆಸರು ಗೋಡೆಯ ಮೇಲೂ ಇರಲಿಲ್ಲ.

ಮರುದಿನವೇ ಪರಸಿ ಹಾಸಿದ ಗೌಂಡಿ ಮೈಬೂಬನನ್ನು ಕರೆಸಿ ಕಲ್ಲನ್ನು ಬೋರಲು ಹಾಕಿಸಿದೆ. ಹೆಸರು ಕೆಳಗೆ, ಬರಿ ಕಲ್ಲು ಮೇಲೆ. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಷ್ಟು ದೊಡ್ಡ ತ್ಯಾಗ ಮಾಡಿ ಸುಮ್ಮನಿರುವುದು ಹೇಗೆ? ಓಣಿಯವರಿಗೆಲ್ಲ ಹೇಳಿದೆ. ನಿಂಗಮ್ಮನ ಮನೆಯ ತನಕ ಹೋಗಿ, ನಿನ್ನ ಸಲುವಾಗಿ ನನ್ನ ಹೆಸರನ್ನು ನೆಲದೊಳಗೆ ಹಾಕಿಸಿದ್ದೇನೆ ಎಂದು ಹೇಳಿ ಬಂದೆ. ಶನಿವಾರ ಆಕೆಯ ಮುಖ ನೋಡಲೆಂದೇ ಗುಡಿಯಲ್ಲಿ ಕಾದು ಕುಳಿತೆ. ನಿಂಗಮ್ಮ ಬಂದಳು, ಮತ್ತೆ ಮೊದಲಿನ ಜಾಗದಲ್ಲಿಯೇ ನಿಂತಳು.

“ಕೆಳಗ ಹೆಸರ ಅದ ಅಂತ ನೀವೇ ಹೇಳೀರಲ್ರಿ. ಗೊತ್ತಾದ ಮ್ಯಾಲ ಹ್ಯಾಂಗ ತುಳೀಲ್ರಿ?”

ಮೊದಲ ಸಲ ಆಕೆಯನ್ನು ತಡೆದದ್ದು ಕಲ್ಲು, ಈ ಸಲ ನನ್ನ ಬಾಯಿ. ಬಾಯಿ ಮುಚ್ಚಿಕೊಂಡಿದ್ದರೆ ಆಕೆ ದೇವರ ತನಕ ಹೋಗಿರುತ್ತಿದ್ದಳು.

ಆ ಕಲ್ಲನ್ನೇ ಕೀಳಿಸಿ ಬೇರೊಂದು ಬರಿಗಲ್ಲು ತಂದು ಹಾಕಿಸಿದೆ. ಕೊಟ್ಟವರು ಯಾರೆಂದು ಮೈಬೂಬನ ಹೊರತು ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಶನಿವಾರ ನಿಂಗಮ್ಮ ಕಲ್ಲನ್ನು ಕೈಯಿಂದ ಸವರಿ ನೋಡಿದಳು. ನನ್ನದನ್ನು ತೆಗೆಸಿಬಿಟ್ಟೆ, ಇದರ ಕೆಳಗೆ ಏನೂ ಇಲ್ಲ ಎಂದೆ. ಹಾಗಾದರೆ ಇದು ಯಾರು ಕೊಟ್ಟದ್ದು ಎಂದು ಕೇಳಿದಳು. ನಾಲಿಗೆಯ ತುದಿಗೆ ಬಂದ ಸ್ವಂತ ಹೆಸರನ್ನು ನುಂಗುವುದು ಎಂಥ ಕಷ್ಟವೆಂದು ಅಂದು ತಿಳಿಯಿತು. ಗೊತ್ತಿಲ್ಲ ಯವ್ವ ಎಂದು ಹಣಮಂದೇವರ ಎದುರಿಗೇ ಸುಳ್ಳು ಹೇಳಿದೆ.

“ಯಾರರ ಇರ್ಲಿ, ಅವರ ಹೊಟ್ಟಿ ತಣ್ಣಗಿರ್ಲಿ,” ಎಂದು ನಿಂಗಮ್ಮ ಕಲ್ಲಿನ ಮೇಲೆ ಕಾಲಿಟ್ಟು, ಕುಳಿತು, ಹೊಸ್ತಿಲಿಗೆ ಹಣೆ ಹಚ್ಚಿದಳು.

ಕಿತ್ತ ಕಲ್ಲು ಈಗ ನಮ್ಮ ಬಚ್ಚಲ ಮುಂದಿದೆ. ಹೆಂಡತಿ ನಿತ್ಯ ಅದರ ಮೇಲೆ ಬಟ್ಟೆ ಒಗೆಯುತ್ತಾಳೆ. ಕೊರೆದ ಅಕ್ಷರದ ಮೇಲೆ ತಿಕ್ಕಿದರೆ ಕೊಳೆ ಬೇಗ ಬಿಡುತ್ತದೆಯಂತೆ. ನನ್ನ ಹೆಸರಿನಿಂದ ಒಬ್ಬರಿಗೆ ಉಪಯೋಗವಾದದ್ದು ಇದೇ ಮೊದಲು.