ಕೆಂಪು ಗೆರೆ ಎಳೆದ ಕೊನೆಯ ಸಾಲು

ನನ್ನ ಮೊಮ್ಮಗಳಿಗೆ ರಾಯಚೂರಿನಲ್ಲೇ ಒಳ್ಳೆಯ ಕೆಲಸ ಸಿಕ್ಕಿದೆ. ಆರ್ಡರ್ ಕೈಗೆ ಬಂದ ದಿನ ಓಣಿಯಲ್ಲೆಲ್ಲ ಪೇಡೆ ಹಂಚಿದೆ. ಗುರುತಿಲ್ಲದವರಿಗೂ ಕೊಟ್ಟೆ, ಹಾಲಿನವನಿಗೆ ಎರಡು ಸಲ ಕೊಟ್ಟೆ. ಇಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ ಎಂದದ್ದಕ್ಕೆ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಬಿಡಲಿ, ಆ ಸಂತೋಷ ಇನ್ನೂ ಇಳಿದಿಲ್ಲ.

ಆದರೆ ಅದಕ್ಕೂ ಮೊದಲು ಒಂದು ತಿಂಗಳು ಪೂರ್ತಿ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅವಳು ಅರ್ಜಿ ಹಾಕಿದ್ದು ನನಗೆ ಗೊತ್ತಿತ್ತು, ಅವಳು ದುಡಿಯುತ್ತಿದ್ದ ಅಂಗಡಿಯವರಿಗೆ ಗೊತ್ತಿರಲಿಲ್ಲ. ಕಟ್ಟೆಯ ಗೆಳೆಯರು "ಮೊಮ್ಮಗಳು ಏನ್ ಮಾಡಾಕತ್ತಾಳಪಾ?" ಎಂದು ಕೇಳಿದರೆ "ಆರಾಮ ಅದಾಳ" ಎಂದು ಎದ್ದುಬಿಡುತ್ತಿದ್ದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಈ ಬುದ್ಧಿ ಎಲ್ಲಿಂದ ಬಂತು ಎನ್ನುವುದನ್ನು ಬರೆದಿಡುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ತೂಗುತ್ತಿದ್ದೆ. ಗಿರಣಿಗೆ ಗುಮಾಸ್ತ ಬೇಕಾಗಿದ್ದ. ದೇವದುರ್ಗದಲ್ಲಿ ರೈತರ ಮಾಲು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿಯ ಗುಮಾಸ್ತನೊಬ್ಬ ಅರ್ಜಿ ಕಳಿಸಿದ. ಆತನ ಹೆಂಡತಿ ಮಾನ್ವಿಯಲ್ಲಿ ಶಾಲೆಯ ಟೀಚರು. ಇಬ್ಬರು ಸಣ್ಣ ಮಕ್ಕಳು ಅವಳ ಹತ್ತಿರ. ಆತ ಅಂಗಡಿಯಲ್ಲೇ ಮಲಗಿ, ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ಮಕ್ಕಳ ಮುಖ ನೋಡಿ ಹೋಗುತ್ತಿದ್ದ. ಈ ಕೆಲಸ ಸಿಕ್ಕರೆ ನಾಲ್ವರೂ ಒಂದೇ ಸೂರಿನ ಕೆಳಗೆ ಉಣ್ಣಬಹುದಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನಮ್ಮ ಸಾಹುಕಾರರು ಆ ಅರ್ಜಿಯನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಿದರು. ಕುರ್ಡಿಯಿಂದ, ಪೋತ್ನಾಳದಿಂದ ಭತ್ತ ತಂದಿದ್ದ ರೈತರು ಬೀಡಿ ಸೇದುತ್ತ ಕೇಳಿದರು. "ಹೆಂಡ್ತಿ ಪಗಾರದಾಗ ಉಣ್ಣಾಕ ಬರಾಕತ್ತಾನ್ರಿ ಇವ" ಎಂದು ಒಬ್ಬ ನಗಿಸಿದ. ನಾನೂ ನಕ್ಕೆ. ಅರ್ಜಿ ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಎರಡು ಬಂಡಿ ಭತ್ತ ಬಂತು. ಓದುವುದು ಅಲ್ಲಿಗೇ ನಿಂತಿತು.

"ಲೇ, ನಾಳಿ ದೇವದುರ್ಗಕ್ಕ ಹೋಗು" ಎಂದರು ಸಾಹುಕಾರರು. "ಈ ಮನುಷ್ಯಾ ಹೆಂಗದಾನ ಕೇಳ್ಕೊಂಡ್ ಬಾ. ಕುಡಿತಾನೇನು, ಕೈ ಶುದ್ಧ ಅದ ಏನು, ಎಲ್ಲಾ ಕೇಳು." ಅಂಗಡಿಯ ಗುರುತು ಮರೆಯಬಾರದೆಂದು ಅರ್ಜಿಯನ್ನೇ ನನ್ನ ಜೇಬಿಗೆ ಹಾಕಿದರು.

ನನಗೋ ಹಿಗ್ಗು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಅದಕ್ಕೂ ಮುಂಚೆ ನಾನು ವಿಚಾರಿಸಲು ಹೋಗಿದ್ದೆಂದರೆ ನಮ್ಮ ಕಾಕಾನ ಜೊತೆ ಹೆಣ್ಣು ವಿಚಾರಿಸಲು ಮಾತ್ರ. ಕಾಕಾ ನನಗೆ ಕಲಿಸಿದ್ದು ಒಂದೇ ರೀತಿ: ಹೋಟೆಲಿನಲ್ಲಿ, ಬಾವಿಯ ಹತ್ತಿರ ಮಂದಿಯನ್ನು ಕೇಳಬಾರದು, ಅದು ಮನೆತನಕ್ಕೆ ಅವಮಾನ. ನೇರವಾಗಿ ಮನೆಯ ಹಿರಿಯರ ಹತ್ತಿರ ಹೋಗಿ, ನೀರು ಕುಡಿದು, ಬಂದ ಕೆಲಸ ಹೇಳಬೇಕು. ಗುಮಾಸ್ತನಿಗೆ ಹಿರಿಯರು ಯಾರು? ಆತನ ಸಾಹುಕಾರರು. ನಾನು ಬಸ್ಸಿಳಿದವನೇ ನೇರ ಅವರ ಅಡತಿ ಅಂಗಡಿಗೆ ಹೋದೆ.

ಅವರು ಗಾದಿಯ ಮೇಲೆ ಒರಗಿ ಕೂತಿದ್ದರು. "ಬರ್ರಿ, ಕುಂದರ್ರಿ. ಯಾವೂರಾತು?"

"ಮಾನ್ವಿರೀ. ಗಿರಣಿಯಿಂದ ಬಂದೀನಿ. ನಿಮ್ಮ ಗುಮಾಸ್ತರ ಬಗ್ಗಿ ಕೇಳಾಕ."

"ಏನ್ ಕೇಳಾಕ?"

"ಮನುಷ್ಯಾ ಹೆಂಗದಾರ್ರೀ ಯಪ್ಪಾ? ನಮ್ಮ ಸಾವ್ಕಾರ್ರು ತಗೋಬೇಕಂತ ಮಾಡ್ಯಾರ. ಅರ್ಜಿ ಕಳಿಸ್ಯಾರ ನೋಡ್ರಿ, ಇಲ್ಲೇ ಅದ." ಜೇಬಿನಿಂದ ತೆಗೆದು ತೋರಿಸಿದೆ.

ಒಳಗಿನಿಂದ ನನಗಾಗಿ ನೀರು ತಂದವನು ಆ ಗುಮಾಸ್ತನೇ. ತಂಬಿಗೆಯನ್ನು ನನ್ನ ಮುಂದೆ ಇಟ್ಟ. ಒಂದು ಹನಿಯೂ ಚೆಲ್ಲಲಿಲ್ಲ. ಇಟ್ಟು ಅಲ್ಲೇ ನಿಂತ.

ಅಡತಿ ಸಾಹುಕಾರರು ಅರ್ಜಿಯನ್ನು ಓದಲಿಲ್ಲ, ಅಕ್ಷರದ ಗುರುತು ನೋಡಿದರು. "ಭಾಳ ಚಲೋ ಮನುಷ್ಯಾ" ಎಂದರು. "ಇಷ್ಟು ವರ್ಷದಾಗ ಒಂದ್ ಮಾತು ಅನ್ಸಿಕೊಂಡಿಲ್ಲ. ತಗೊಂಡ್ ಹೋಗ್ರಿ. ಇವತ್ತೇ ತಗೊಂಡ್ ಹೋಗ್ರಿ."

"ದೊಡ್ಡ ಮನಸು ರೀ ನಿಮ್ದು" ಎಂದು ನಾನು ಎರಡೂ ಕೈ ಜೋಡಿಸಿದೆ. ಅವರು ಗುಮಾಸ್ತನ ಕಡೆ ತಿರುಗಿ "ಕೀಲಿಕೈ ಇಟ್ಟು ನಡಿ" ಎಂದಾಗಲೂ, ಇವರು ಖುಷಿಯಿಂದಲೇ ಬೀಳ್ಕೊಡುತ್ತಿದ್ದಾರೆ ಎಂದುಕೊಂಡೆ. ಕಾಕಾನ ಜೊತೆ ಹೋದಾಗಲೂ ಒಂದೇ ದಿನದಲ್ಲಿ ಸಂಬಂಧ ಕುದುರಿರಲಿಲ್ಲ.

ಮಾನ್ವಿಯ ಬಸ್ಸಿನಲ್ಲಿ ಆತ ಟ್ರಂಕು ಕಾಲ ಮುಂದೆ ಇಟ್ಟುಕೊಂಡು ನನ್ನ ಪಕ್ಕ ಕೂತ. "ನಾಳಿಂದ ಮಕ್ಕಳ ಸಂಗಾಟ ಉಣ್ತೀರಿ ಬಿಡ್ರಿ" ಎಂದೆ. ಆತ ಟ್ರಂಕಿನ ಚಿಲಕ ಸರಿಮಾಡಿಕೊಂಡ. ಆಮೇಲೆ ಕೇಳಿದ:

"ಅಣ್ಣಾ, ನಿಮಗ ಓದಾಕ ಬರ್ತದೇನ್ರಿ?"

"ಸ್ವಲ್ಪ ಬರ್ತದ."

"ಆ ಅರ್ಜಿ ತಗೀರಿ. ಕಡೀ ಸಾಲು ಓದ್ರಿ."

ಕೊನೆಯ ಸಾಲಿನ ಕೆಳಗೆ ಕೆಂಪು ಶಾಯಿಯ ಗೆರೆ ಇತ್ತು. ನನಗೆ ಗಟ್ಟಿಯಾಗಿ ಅಲ್ಲದೆ ಓದಲು ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದಿದೆ: "ಕೆಲಸ ಖಾತ್ರಿಯಾಗುವ ತನಕ ಈ ಸಂಗತಿ ನನ್ನ ಈಗಿನ ಮಾಲಕರಿಗೆ ತಿಳಿಯಬಾರದೆಂದು ಕೈಮುಗಿದು..."

"ಮೆಲ್ಲಕ ಓದ್ರಿ ಅಣ್ಣಾ" ಎಂದ ಆತ. "ಮಂದಿ ಅದಾರ."

ನಾನು ಓದುವುದನ್ನು ನಿಲ್ಲಿಸಿದೆ. ದುಃಖ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದ ದವಡೆಯ ಹಾಗೆ, ಮುಟ್ಟಿದರೆ ನನ್ನದೇ, ಆದರೆ ನನ್ನದಲ್ಲ. ಮುಂದಿನ ಸೀಟಿನ ಹಿಂದೆ ಒಂದು ಮೊಳೆ ಎದ್ದಿತ್ತು. ಮಾನ್ವಿ ಬರುವವರೆಗೆ ಅದನ್ನೇ ನೋಡಿದೆ.

ಗಿರಣಿಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ನಮ್ಮ ಸಾಹುಕಾರರು ಹಣೆ ಒತ್ತಿಕೊಂಡರು. "ಆ ಅಡತಿ ಸಾವ್ಕಾರ ಸಿಟ್ಟಿಲೆ ಕೆಲಸ ಬಿಡಿಸ್ಯಾನಂದ್ರ ಮುಗೀತು. ಅವನ ಮನುಷ್ಯಾನ್ನ ನಾ ಕಸಗೊಂಡೆ ಅಂತಾರ. ನಾಳಿ ದೇವದುರ್ಗದ ಪ್ಯಾಟ್ಯಾಗ ನಾ ಹೆಂಗ ಮಾರಿ ತೋರಿಸ್ಲಿ? ಬ್ಯಾಡಂತ ಹೇಳಿ ಕಳಿಸು."

ಹೇಳಲು ಹೋದವನೂ ನಾನೇ. ಆತ ಗೇಟಿನ ಹೊರಗೆ ಟ್ರಂಕಿನ ಪಕ್ಕ ನಿಂತಿದ್ದ.

"ಬ್ಯಾಡಂತ್ರಿ" ಎಂದೆ.

"ಆತು" ಎಂದು ಟ್ರಂಕನ್ನು ಹೆಗಲಿಗೇರಿಸಿದ. ದಿನವೆಲ್ಲ ಚೀಲ ಎತ್ತಿಡುವ ನಾನು ಅದಕ್ಕೊಂದು ಕೈ ಕೊಡಲಿಲ್ಲ. ನಿಂತು ನೋಡಿದೆ. ಆಮೇಲೆ ಒಳಗೆ ಹೋಗಿ ಸಂಜೆಯವರೆಗೆ ಭತ್ತ ತೂಗಿದೆ. ತೂಕ ಎಲ್ಲೂ ತಪ್ಪಲಿಲ್ಲ. ಮನೆಯಲ್ಲಿ ಹೆಂಡತಿ ಕೇಳಿದರೆ, ದಾರಿಯಲ್ಲಿ ಬಹಳ ಧೂಳು ಎಂದಷ್ಟೇ ಹೇಳಿದೆ.

ಆತ ಬೇಡಿದ್ದು ಹೀಗೆ ಈಡೇರಿತು: ನಾಲ್ವರೂ ಒಂದೇ ಮನೆಯಲ್ಲಿ ಉಂಡರು, ಆತನಿಗೆ ಕೆಲಸ ಮಾತ್ರ ಇರಲಿಲ್ಲ. ಗಿರಣಿಗೆ ಹೋಗುವಾಗ ದಿನಾ ಎದುರಾಗುತ್ತಿದ್ದ, ಎರಡೂ ಕೈಯಲ್ಲಿ ಒಂದೊಂದು ಮಗು. "ಗಿರಣಿಗೇನ್ರಿ?" ಎನ್ನುತ್ತಿದ್ದ. "ಹೂಂ ರೀ" ಎನ್ನುತ್ತಿದ್ದೆ. ಬೈದಿದ್ದರೆ ಮರಗಟ್ಟಿದ ಆ ದವಡೆಗೆ ಜೀವ ಬರುತ್ತಿತ್ತೇನೋ. ಬೈಯಲಿಲ್ಲ. ಒಂದೆರಡು ವರ್ಷದ ಮೇಲೆ ತಾಲ್ಲೂಕು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಮಂದಿಗೆ ಅರ್ಜಿ ಬರೆದುಕೊಡಲು ಶುರು ಮಾಡಿದ.

ಎಂಬತ್ತರ ದಶಕದ ನಡುವಿನಲ್ಲಿ ನನ್ನ ಮಗಳಿಗೆ ರಾಯಚೂರಿನ ದವಾಖಾನೆಯಲ್ಲಿ ಆಯಾ ಕೆಲಸ ಇದೆಯೆಂದು ತಿಳಿಯಿತು. ಆಗ ಅವಳು ಮಾನ್ವಿಯಲ್ಲೇ ಒಬ್ಬ ಡಾಕ್ಟರ ಹತ್ತಿರ ಇದ್ದಳು. ಅರ್ಜಿಯೆಂದರೆ ಬೇವಿನ ಮರದವರದೇ ಎಂದು ಎಲ್ಲರೂ ಹೇಳಿದರು. ಹೋದೆ.

ಆತ ನನ್ನನ್ನು ನೋಡಿದ, ಮಗಳನ್ನು ನೋಡಿದ. ಹಿಂದೆ ಕಾಯುತ್ತಿದ್ದವರಿಗೆ "ಸ್ವಲ್ಪ ಆಚಿ ಸರೀರೆಪಾ" ಎಂದ. ಅವರು ಸರಿದ ಮೇಲೆ ದನಿ ಇಳಿಸಿ "ಈಗ ಎಲ್ಲಿ ಕೆಲಸ ಮಾಡ್ತೀ ಯವ್ವಾ?" ಎಂದು ಕೇಳಿದ. ಎಲ್ಲ ಬರೆದು ಮುಗಿಸಿ, ಪೆನ್ನು ಬದಲಿಸಿ, ನಾವು ಕೇಳದೆಯೇ ಇನ್ನೊಂದು ಸಾಲು ಬರೆದು, ಕೆಳಗೆ ಕೆಂಪು ಗೆರೆ ಎಳೆದ. ಕಾಗದವನ್ನು ಮಗಳಿಗಲ್ಲ, ನನಗೆ ಕೊಟ್ಟ.

"ಓದ್ರಿ ಅಣ್ಣಾ. ಮನಸಿನಾಗ."

ನನ್ನ ತುಟಿಗಳು ಅಲ್ಲಾಡಿದವು, ದನಿ ಹೊರಡಲಿಲ್ಲ. ಅದೇ ಸಾಲು. ಆತ ಮುಗಿಯುವವರೆಗೂ ಕಾದ.

"ಆತೇನ್ರಿ?"

"ಆತ್ರಿ."

ತಪ್ಪಾಯಿತು ಎನ್ನುವ ಮಾತನ್ನು ಅಷ್ಟು ವರ್ಷ ಹೊತ್ತುಕೊಂಡಿದ್ದೆ. ಅಲ್ಲೂ ಹೊರಗೆ ಬರಲಿಲ್ಲ. ಆತ ಕಾಗದ ಮಡಚಿ ಲಕೋಟೆಗೆ ಹಾಕಿ ಅಂಟು ಹಚ್ಚಿದ. ಮಗಳಿಗೆ ಆ ಕೆಲಸ ಸಿಕ್ಕಿತು. ಅವಳ ಹಿಂದೆ ನಾವೂ ರಾಯಚೂರಿಗೆ ಬಂದೆವು.

ಆ ಮಗಳ ಮಗಳೇ ಈ ಮೊಮ್ಮಗಳು. ಹೋದ ತಿಂಗಳು ಮೊಬೈಲಿನಲ್ಲಿ ಅರ್ಜಿ ತುಂಬುವಾಗ ಕೇಳಿದಳು: "ಅಜ್ಜಾ, ನನ್ನ ಬಗ್ಗಿ ಈಗಿನ ಮಾಲಕರನ್ನ ವಿಚಾರಿಸಬಹುದೇನು ಅಂತ ಕೇಳ್ಯಾರ. ಹೌದು, ಇಲ್ಲ, ಎರಡು ಚೌಕ ಮನಿ ಅದಾವ. ಯಾವ್ದು ಒತ್ತಲಿ?" ಮನೆಯಲ್ಲಿ ನೆಂಟರಿದ್ದರು. ನಾನು ಮಾತಾಡದೆ "ಇಲ್ಲ" ಎನ್ನುವುದರ ಮೇಲೆ ಬೆರಳಿಟ್ಟೆ.

ಬೇವಿನ ಮರದ ಆ ಗುಮಾಸ್ತನಿಗೆಂದು ಒಂದು ಡಬ್ಬಿ ಪೇಡೆ ಬೇರೆ ತೆಗೆದಿಟ್ಟಿದ್ದೇನೆ. ಆತ ಈಗ ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ಗೊತ್ತಿಲ್ಲ. ಮಾನ್ವಿಯವರನ್ನು ಯಾರನ್ನು ಕೇಳಿದರೂ, ಯಾಕೆ, ಏನು ಎನ್ನುತ್ತಾರೆ. ಅದಕ್ಕೆ ಯಾರನ್ನೂ ಕೇಳಿಲ್ಲ. ನಾನೇ ಬಸ್ಸು ಹತ್ತಿ ಹೋಗಿ ಹುಡುಕುತ್ತೇನೆ.